ನಿಧಾನ ಓಡೋದಕ್ಕೂ ಧೈರ್ಯ ಬೇಕು

ಧಾರವಾಡದಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಹತ್ತಿರ ಮೊದಲೆಲ್ಲ ಮೊಣಕಾಲು ನೋವು ಅಂತ ಬರುತ್ತಿದ್ದವರು ವಯಸ್ಸಾದವರು, ಇಲ್ಲವೇ ಕಬಡ್ಡಿ ಆಡುವ ಹುಡುಗರು. ಈಗ ಬ್ಯಾಂಕಿನವರು ಬರುತ್ತಾರೆ, ಡಾಕ್ಟರುಗಳು ಬರುತ್ತಾರೆ, ಕಾಲೇಜಿನಲ್ಲಿ ಪಾಠ ಮಾಡುವವರು ಬರುತ್ತಾರೆ. ಬೆಳಗಿನ ಜಾವ ಎದ್ದು ಓಡಿ, ಸೈಕಲ್ ಹೊಡೆದು, ಈಜಿ, ಆಮೇಲೆ ಕೆಲಸಕ್ಕೆ ಹೋಗುವ ಜನ. ಇದು ನನಗೆ ನಿಜವಾಗಿಯೂ ಖುಷಿ ಕೊಡುತ್ತದೆ. ಆದರೆ ಬಹಳ ಜನರ ಫೋನಿನಲ್ಲಿ ಯಾರೋ ಪ್ರೊಫೆಷನಲ್ ಆಟಗಾರನ ಒಂದು ವಾರದ ಟ್ರೈನಿಂಗ್ ಪಟ್ಟಿ ಇರುತ್ತದೆ. ನಾನು ನೋಡುವ ನೋವುಗಳಲ್ಲಿ ಎಷ್ಟೋ ಹುಟ್ಟೋದು ಆ ಪಟ್ಟಿಯಿಂದಲೇ.

ಹೊಸಬರಿಗೆ ಒಂದು ಮಾತು. ಐರನ್‌ಮ್ಯಾನ್ ಅನ್ನೋದು ಈಜು, ಸೈಕಲ್, ಓಟ ಮೂರನ್ನೂ ಒಂದೇ ದಿನ ಒಂದರ ಹಿಂದೊಂದು ಮುಗಿಸುವ ಸ್ಪರ್ಧೆ. ಪೂರ್ತಿ ಐರನ್‌ಮ್ಯಾನ್ ಅಂದರೆ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಅದಾದ ಮೇಲೆ 42.2 ಕಿ.ಮೀ. ಓಟ. ಹುಬ್ಬಳ್ಳಿಯಿಂದ ಗದಗಕ್ಕೆ ಸೈಕಲ್ ಮೇಲೆ ಹೋಗಿ, ತಿರುಗಿ ಬಂದು, ಮತ್ತೆ ಗದಗಕ್ಕೆ ಹೋಗಿ, ಅಲ್ಲಿಂದ ಮ್ಯಾರಥಾನ್ ಓಡಿದ ಹಾಗೆ. 1978ರಲ್ಲಿ ಹವಾಯಿಯಲ್ಲಿ ಮೊದಲ ಸಲ ನಡೆದಾಗ 15 ಜನ ಶುರು ಮಾಡಿ 12 ಜನ ಮುಗಿಸಿದರು. ಗೆದ್ದ ಗಾರ್ಡನ್ ಹಾಲರ್‌ಗೆ ಹನ್ನೆರಡು ತಾಸಿಗೆ ಸ್ವಲ್ಪ ಕಡಿಮೆ ಹಿಡಿಯಿತು. 2024ರಲ್ಲಿ ಅದೇ ಹವಾಯಿಯ ಕೋನಾದಲ್ಲಿ ಪ್ಯಾಟ್ರಿಕ್ ಲಾಂಗೆ 7 ತಾಸು 36 ನಿಮಿಷದ ಒಳಗೇ ಮುಗಿಸಿದರು. ನಮ್ಮ ಕಡೆಯವರು ಹೆಚ್ಚಾಗಿ ಹೋಗೋದು ಗೋವಾದಲ್ಲಿ 2019ರಲ್ಲಿ ಶುರುವಾದ ಅರ್ಧ ದೂರದ ಸ್ಪರ್ಧೆಗೆ. ಅದರಲ್ಲೂ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ ಇದೆ. ಸಣ್ಣದೇನಲ್ಲ.

ಪ್ರೊಫೆಷನಲ್ ಆಟಗಾರರು ವಾರಕ್ಕೆ 25ರಿಂದ 30 ತಾಸು ಟ್ರೈನಿಂಗ್ ಮಾಡುತ್ತಾರೆ, ನಿಜ. ಪಟ್ಟಿಯಲ್ಲಿ ಕಾಣದೇ ಇರೋದು ಉಳಿದ ತಾಸುಗಳು. ಬೆಳಿಗ್ಗೆ ಈಜಿದ ಮೇಲೆ ಊಟ, ಸೈಕಲ್ ಆದ ಮೇಲೆ ಮತ್ತೆ ಊಟ, ಮಧ್ಯಾಹ್ನ ನಿದ್ದೆ, ಸಂಜೆ ಹಗುರ ಓಟ, ರಾತ್ರಿ ಬೇಗ ಮಲಗಿ ಎಂಟೊಂಬತ್ತು ತಾಸು ನಿದ್ದೆ. ಅವರಿಗೆ ಮಲಗೋದೂ ಡ್ಯೂಟಿ. ನಮ್ಮವರು ನಾಲ್ಕೂವರೆಗೆ ಎದ್ದು ನವಲೂರು ಕಡೆ ಓಡಿ, ಬಿಆರ್‌ಟಿಎಸ್ ಬಸ್ಸಿನಲ್ಲಿ ನಿಂತುಕೊಂಡು ಹುಬ್ಬಳ್ಳಿಗೆ ಹೋಗಿ, ದಿನವೆಲ್ಲ ಕುರ್ಚಿಯಲ್ಲಿ ಕೂತು, ಸಂಜೆ ಯಾರದೋ ಮದುವೆಯ ಆರತಕ್ಷತೆ ಮುಗಿಸಿ, ಮಲಗುವಾಗ ಹನ್ನೊಂದೂವರೆ. ಇಷ್ಟರಲ್ಲಿ ದೊಡ್ಡವರ ಅರ್ಧ ಪಟ್ಟಿ ಮಾಡಿದರೂ ಮೈಗೆ ಅದು ಪೂರ್ತಿ ಪಟ್ಟಿಗಿಂತ ಭಾರ.

ಈ ಭಾರ ಮೊದಲು ಕಾಣಿಸಿಕೊಳ್ಳೋದು ಹಿಮ್ಮಡಿಯಲ್ಲಿ. "ಮುಂಜಾನೆ ಎದ್ದ ಕೂಡ್ಲೆ ಹಿಮ್ಮಡಿ ಹಿಡ್ಕೊಂಡಿರ್ತೈತ್ರಿ, ಒಂದ್ ನಾಕ್ ಹೆಜ್ಜಿ ಹಾಕಿದ್ರ ಬಿಡ್ತೈತ್ರಿ" ಅಂತಾರೆ. ಬಿಡುತ್ತದೆ ಅನ್ನೋ ಕಾರಣಕ್ಕೇ ತಿಂಗಳುಗಟ್ಟಲೆ ತೋರಿಸುವುದಿಲ್ಲ. ಬೋರಲು ಮಲಗಿಸಿ, ಹಿಮ್ಮಡಿಯ ಮೂಳೆಯಿಂದ ಎರಡು ಬೆರಳು ಮೇಲೆ ಆ ದಪ್ಪ ಟೆಂಡನ್ನನ್ನು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯನ್ನು, ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಒತ್ತುತ್ತೇನೆ. ಒಂದು ಕಡೆ ಸಣ್ಣ ಗಂಟಿನಂತೆ ಉಬ್ಬಿರುತ್ತದೆ, ಅಲ್ಲಿ ಕೈ ಇಟ್ಟ ತಕ್ಷಣ ಕಾಲು ಎಳೆದುಕೊಳ್ಳುತ್ತಾರೆ. ಆಮೇಲೆ ಗೋಡೆಗೆ ಬೆರಳ ತುದಿ ತಾಗಿಸಿ, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸಲು ಹೇಳುತ್ತೇನೆ. ಓಡುವವರಿಗೆ ಇಪ್ಪತ್ತು, ಇಪ್ಪತ್ತೈದು ಸಲ ಸಲೀಸಾಗಿ ಆಗಬೇಕು. ಮೂರು ತಾಸು ಸೈಕಲ್ ಹೊಡೆಯುವ ಗಟ್ಟಿ ಆಳು ಹತ್ತಕ್ಕೇ ಮುಂದಕ್ಕೆ ಬಾಗಿ, ಮೊಣಕಾಲು ಮಡಚಿ, ಹೇಗೋ ಎತ್ತಲು ನೋಡುತ್ತಾನೆ.

ಯಾಕೆ ಹೀಗೆ? ಎದೆ ಮತ್ತು ಶ್ವಾಸ ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ. ದಮ್ಮು ಬಂತು, ಇನ್ನೂ ಓಡಬಹುದು ಅನ್ನಿಸುತ್ತದೆ. ಟೆಂಡನ್, ಮೂಳೆ ಹಾಗಲ್ಲ, ಅವಕ್ಕೆ ತಿಂಗಳುಗಳೇ ಬೇಕು. ಗಟ್ಟಿ ಟ್ರೈನಿಂಗ್ ಆದ ಮೇಲೆ ಸುಮಾರು ಒಂದೂವರೆ ದಿನ ಟೆಂಡನ್ನಿನಲ್ಲಿ ಕಟ್ಟೋದಕ್ಕಿಂತ ಒಡೆಯೋದೇ ಜಾಸ್ತಿ, ಕಟ್ಟುವ ಕೆಲಸ ಮುಂದಾಗೋದು ಅದರ ನಂತರ. ನಮ್ಮ ಎರೆ ಹೊಲದಲ್ಲಿ ಮಳೆ ಬಿದ್ದ ಮರುದಿನವೇ ಯಾರಾದರೂ ಕುಂಟೆ ಹೊಡೆಯುತ್ತಾರಾ? ಹದ ಬರುವವರೆಗೆ ಕಾಯುತ್ತಾರೆ, ಅಲ್ವಾ. ಕಾಲಿಗೂ ಹದ ಬೇಕು. ಮಂಗಳವಾರ ಜೋರಾಗಿ ಓಡಿದವರು ಬುಧವಾರ ಈಜಲಿ, ಇಲ್ಲ ಹಗುರವಾಗಿ ಸೈಕಲ್ ತುಳಿಯಲಿ. ಮೂರು ಆಟ ಇರೋದರ ದೊಡ್ಡ ಲಾಭವೇ ಇದು. ಹಿಮ್ಮಡಿಗೆ ವಿಶ್ರಾಂತಿ ಕೊಟ್ಟೂ ಎದೆಗೆ ಕೆಲಸ ಕೊಡಬಹುದು.

ಈಗ ನನಗೆ ಅತಿ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ದೊಡ್ಡ ಆಟಗಾರರ ಟ್ರೈನಿಂಗಿನಲ್ಲಿ ಹೆಚ್ಚಿನ ಪಾಲು ನಿಧಾನದ್ದು. ಸ್ಟೀಫನ್ ಸೈಲರ್ ಎಂಬ ವಿಜ್ಞಾನಿ ಓಟ, ಸ್ಕೀಯಿಂಗ್, ದೋಣಿ ಹುಟ್ಟು ಹಾಕುವ ಸ್ಪರ್ಧೆಗಳ ಮೇಲ್ಮಟ್ಟದ ಆಟಗಾರರನ್ನು ನೋಡಿದಾಗ, ಹತ್ತರಲ್ಲಿ ಸುಮಾರು ಎಂಟು ಸಲ ಅವರು ಹಗುರವಾಗಿಯೇ ಟ್ರೈನಿಂಗ್ ಮಾಡುತ್ತಿದ್ದದ್ದು ಕಂಡುಬಂತು. ಕೋನಾದಲ್ಲಿ ಆರು ಸಲ ಗೆದ್ದ ಮಾರ್ಕ್ ಆಲೆನ್ ಕಥೆ ಇನ್ನೂ ಚೆನ್ನಾಗಿದೆ. ಮೊದಮೊದಲು ಅವರು ದಿನವೂ ಮೈಮುರಿದು ಓಡಿ ಪದೇ ಪದೇ ಗಾಯ ಮಾಡಿಕೊಳ್ಳುತ್ತಿದ್ದರು. ತರಬೇತುದಾರ ಫಿಲ್ ಮಾಫೆಟೋನ್ ಅವರ ಸಲಹೆ ಕೇಳಿ ಎದೆಬಡಿತ ನಿಮಿಷಕ್ಕೆ 155 ದಾಟದಂತೆ ಓಡಲು ಶುರು ಮಾಡಿದಾಗ ಕಿಲೋಮೀಟರಿಗೆ ಐದು ನಿಮಿಷಕ್ಕಿಂತ ವೇಗವಾಗಿ ಹೋಗಲು ಆಗಲಿಲ್ಲವಂತೆ. ಅಂಥ ಓಟಗಾರನಿಗೆ ಅದು ನಾಚಿಕೆಯ ವೇಗ. ಬಿಡಲಿಲ್ಲ. ಸುಮಾರು ಒಂದು ವರ್ಷದಲ್ಲಿ ಅದೇ 155ಕ್ಕೆ ಕಿಲೋಮೀಟರಿಗೆ 3 ನಿಮಿಷ 20 ಸೆಕೆಂಡಿನ ಹತ್ತಿರ ಓಡತೊಡಗಿದರು. ಹಾಗಿದ್ದೂ ಕೋನಾ ಗೆಲ್ಲಲು 1989ರವರೆಗೆ ಕಾಯಬೇಕಾಯಿತು. ಎದುರಾಳಿ ಡೇವ್ ಸ್ಕಾಟ್ ಅವರನ್ನು ಅವತ್ತು ಸೋಲಿಸಿದ್ದು ಬರೀ 58 ಸೆಕೆಂಡಿನಿಂದ.

ಇದೇ ಆಟದ ನಾರ್ವೆಯ ಕ್ರಿಸ್ಟಿಯಾನ್ ಬ್ಲುಮೆನ್‌ಫೆಲ್ಟ್, ಗುಸ್ತಾವ್ ಈಡನ್ ಜೋಡಿ ಟ್ರೈನಿಂಗ್ ನಡುವೆ ನಿಂತು ಒಂದು ಹನಿ ರಕ್ತ ತೆಗೆದು ಲ್ಯಾಕ್ಟೇಟ್ ನೋಡುತ್ತಾರೆ. ಮೈ ಜೋರಾಗಿ ದುಡಿದಷ್ಟೂ ರಕ್ತದಲ್ಲಿ ಏರುವ ವಸ್ತು ಅದು. ಎಷ್ಟು ಜೋರು ಹೋಗಬೇಕು ಅಂತ ತಿಳಿಯೋದಕ್ಕೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದಕ್ಕಿಂತ ಜಾಸ್ತಿ, ಮಿತಿ ದಾಟುತ್ತಿದ್ದೇವಾ ಅಂತ ನೋಡೋದಕ್ಕೆ. ಜಾಸ್ತಿಯಾದರೆ ವೇಗ ಇಳಿಸುತ್ತಾರೆ. ನಮಗೆ ಆ ಮಷೀನು ಬೇಡ. ಉಣಕಲ್ ಕೆರೆ ದಂಡೆಯ ಮೇಲೆ ಗೆಳೆಯರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಾ ಓಡಲು ಆಗುತ್ತಿದೆಯಾ, ಅಷ್ಟು ಸಾಕು. ಒಂದೊಂದೇ ಶಬ್ದ ಬರುತ್ತಿದ್ದರೆ ಅದು ಹಗುರ ಓಟ ಅಲ್ಲ.

ತೊಂದರೆ ಬರೋದು ಭಾನುವಾರದ ಗುಂಪು ಸೈಕ್ಲಿಂಗ್‌ನಲ್ಲಿ. ಹಳಿಯಾಳ ರಸ್ತೆಯಲ್ಲಿ ಹರಟುತ್ತಾ ಹೊರಟವರು, ಒಂದು ಏರು ಬಂದ ಕೂಡಲೇ ಒಬ್ಬ ಎದ್ದು ನಿಂತು ತುಳಿಯುತ್ತಾನೆ, ಇನ್ನೊಬ್ಬ ಬೆನ್ನು ಹತ್ತುತ್ತಾನೆ, ಹತ್ತು ನಿಮಿಷದಲ್ಲಿ ಅದು ರೇಸ್ ಆಗಿರುತ್ತದೆ. ಆಗ ಹಿಂದೆ ಉಳಿದು ತನ್ನ ಲಯದಲ್ಲೇ ತುಳಿಯೋದಕ್ಕೆ ಕಾಲಿನ ಶಕ್ತಿಗಿಂತ ಮನಸ್ಸಿನ ಗಟ್ಟಿತನ ಬೇಕು. ಫೋನಿನ ಆ್ಯಪ್‌ನಲ್ಲಿ ಎಲ್ಲರೂ ನನ್ನ ವೇಗ ನೋಡುತ್ತಾರೆ ಅನ್ನೋ ಯೋಚನೆ ಬೇರೆ. ನನ್ನ ಹತ್ತಿರ ಬರುವವರಿಗೆ ಹಗುರ ದಿನದ ಲೆಕ್ಕವನ್ನು ಯಾರಿಗೂ ಕಾಣದ ಹಾಗೆ ಇಡಿ ಅಂತ ಹೇಳುತ್ತೇನೆ. ಅಷ್ಟರಿಂದಲೇ ಕೆಲವರ ಮೊಣಕಾಲು ಸುಧಾರಿಸಿದೆ.

ಊಟದ ಬಗ್ಗೆ ಎರಡು ಮಾತು. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಇಡೀ ದಿನದ ಸ್ಪರ್ಧೆಗೆ ಸಾಲದು. ಸೈಕಲ್ ಮೇಲೇ ತಿನ್ನಬೇಕು. ಗ್ಲೂಕೋಸ್ ಒಂದನ್ನೇ ಕೊಟ್ಟರೆ ಕರುಳು ತಾಸಿಗೆ ಸುಮಾರು 60 ಗ್ರಾಂ ಹೀರುತ್ತದೆ. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸನ್ನು ಅದು ಬೇರೆ ದಾರಿಯಲ್ಲಿ ಹೀರಿಕೊಳ್ಳುವುದರಿಂದ ಎರಡೂ ಸೇರಿದರೆ 90 ಗ್ರಾಂವರೆಗೆ ಹೋಗಬಹುದು. ಈಗ ದೊಡ್ಡ ಆಟಗಾರರು 120ರವರೆಗೂ ಹೋಗುತ್ತಾರೆ, ಆದರೆ ಅದು ಹೊಟ್ಟೆಗೂ ತಿಂಗಳುಗಟ್ಟಲೆ ರೂಢಿ ಮಾಡಿಸಿದ ಮೇಲೆ. ಸಕ್ಕರೆ, ಬೆಲ್ಲದಲ್ಲಿ ಎರಡೂ ಇವೆ, ಸುಮ್ನೆ ದುಬಾರಿ ಜೆಲ್‌ಗೆ ಓಡಬೇಕಿಲ್ಲ. ಬೆಲ್ಲ, ಉಪ್ಪು, ನಿಂಬೆಹಣ್ಣಿನ ಪಾನಕ, ಬಾಳೆಹಣ್ಣು ಇಟ್ಟುಕೊಂಡು ಮೊದಲು ತಾಸಿಗೆ 40 ಗ್ರಾಂನಿಂದ ಶುರು ಮಾಡಿ. ಸ್ಪರ್ಧೆಗೆ ಎರಡು ದಿನ ಮೊದಲು ಜೋಳದ ರೊಟ್ಟಿ, ಕಾಳುಪಲ್ಯ, ಹಸಿ ತರಕಾರಿ ಕಡಿಮೆ ಮಾಡಿ ಅನ್ನ ಜಾಸ್ತಿ ಉಣ್ಣಿ. ನಾರು ಕಡಿಮೆಯಾದರೆ ಓಡುವಾಗ ಹೊಟ್ಟೆ ಕಾಡುವುದಿಲ್ಲ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯಬೇಡಿ. ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾದರೆ ಅದು ಪ್ರಾಣಕ್ಕೇ ಅಪಾಯ.

ಮನಸ್ಸಿನ ವಿಷಯಕ್ಕೆ ಬ್ರಿಟನ್ನಿನ ಐರನ್‌ಮ್ಯಾನ್ ಆಟಗಾರ್ತಿ ಕ್ರಿಸ್ಸಿ ವೆಲಿಂಗ್ಟನ್ ನೆನಪಾಗುತ್ತಾರೆ. 2008ರ ಕೋನಾದಲ್ಲಿ ಮುಂದಿದ್ದಾಗ ಅವರ ಸೈಕಲ್ ಪಂಕ್ಚರ್ ಆಯಿತು. ಗಾಳಿ ತುಂಬುವ ಸಿಲಿಂಡರ್ ಕೈಕೊಟ್ಟಿತು. ರಸ್ತೆ ಬದಿಯಲ್ಲಿ ನಿಂತು ಕಾದರು, ಉಳಿದವರು ದಾಟಿ ಹೋದರು. ಕೊನೆಗೆ ಎದುರಾಳಿ ರೆಬೆಕಾ ಕೀಟ್ ತಮ್ಮ ಸಿಲಿಂಡರ್ ಕೊಟ್ಟರು. ವೆಲಿಂಗ್ಟನ್ ಮತ್ತೆ ಹತ್ತಿ, ಎಲ್ಲರನ್ನೂ ದಾಟಿ ಗೆದ್ದರು. ಇಂಥದ್ದು ಆಗೇ ಆಗುತ್ತದೆ ಅಂತ ಮೊದಲೇ ಯೋಚಿಸಿಟ್ಟವರಿಗೆ ಅವತ್ತು ಎದೆ ಒಡೆಯೋದಿಲ್ಲ. ಈಜುವಾಗ ಕನ್ನಡಕ ಬಿಚ್ಚಿಹೋದರೆ ಏನು, ಸೈಕಲ್ ಚೈನ್ ಬಿದ್ದರೆ ಏನು, ಹೊಟ್ಟೆ ತೊಳಸಿದರೆ ಏನು ಅಂತ ಕೂತು ಬರೆದು, ಪ್ರತಿಯೊಂದಕ್ಕೂ ಒಂದು ಉತ್ತರ ಇಟ್ಟುಕೊಳ್ಳಿ. ಪಂಕ್ಚರ್ ತಿದ್ದೋದನ್ನು ಮನೆ ಅಂಗಳದಲ್ಲೇ ರೂಢಿ ಮಾಡಿ.

ಗೋವಾಕ್ಕೆ ಹೋಗುವವರಿಗೆ ಇನ್ನೊಂದು. ನಮ್ಮ ಧಾರವಾಡದ ಗಾಳಿಗೆ ಬೆವರು ಬೇಗ ಆರುತ್ತದೆ, ಮೈ ತಂಪಾಗುತ್ತದೆ. ಸಮುದ್ರದ ದಂಡೆಯಲ್ಲಿ ಬೆವರು ಸುರಿಯುತ್ತದೆ, ಆರೋದಿಲ್ಲ. ಅದೇ ವೇಗಕ್ಕೆ ಎದೆಬಡಿತ ಇಲ್ಲಿಗಿಂತ ಜಾಸ್ತಿ ಇರುತ್ತದೆ. ಸೆಕೆಗೆ ಮೈ ಒಗ್ಗಲು ಹತ್ತು, ಹದಿನಾಲ್ಕು ದಿನ ಬೇಕು. ಹಾಗಾಗಿ ಕೊನೆಯ ಎರಡು ವಾರ ಕೆಲವು ಹಗುರ ಓಟಗಳನ್ನು ಬೆಳಗಿನ ತಂಪಿನ ಬದಲು ಹೊತ್ತೇರಿದ ಮೇಲೆ ಮಾಡಿ, ನೀರು, ಉಪ್ಪು ಜೊತೆಗಿರಲಿ. ಸ್ಪರ್ಧೆಯ ದಿನ ವಾಚಿನಲ್ಲಿ ವೇಗ ಬಿಟ್ಟು ಎದೆಬಡಿತ ನೋಡಿ. ಓಟದ ಮೊದಲ ಐದು ಕಿ.ಮೀ. ಯಾರು ದಾಟಿದರೂ ದಾಟಲಿ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಹಿಮ್ಮಡಿ ಎಷ್ಟು ಹೊತ್ತು ಹಿಡಿದಿರುತ್ತದೆ ನೋಡಿಕೊಳ್ಳಿ. ಅರ್ಧ ತಾಸಿಗಿಂತ ಜಾಸ್ತಿ ಇದ್ದರೆ, ಊರಿಗೆ ಬಂದ ವಾರದಲ್ಲೇ ಯಾರಾದರೂ ಫಿಸಿಯೋಗೆ ತೋರಿಸಿ.