ಮೆಗಾಡೆತ್‌ನ 'ಬ್ಯಾಕ್ ಟು ದ ಸ್ಟಾರ್ಟ್': ಹಾಡುಗಳನ್ನು ವರ್ಷದ ಪ್ರಕಾರ ಜೋಡಿಸಿ ಕೇಳಿ

2005ರಲ್ಲಿ ಕ್ಯಾಪಿಟಲ್ ರೆಕಾರ್ಡ್ಸ್ ತಂದ, ಅಮೆರಿಕದ ಹೆವಿ ಮೆಟಲ್ ಬ್ಯಾಂಡು ಮೆಗಾಡೆತ್‌ನ ಹಾಡುಗಳ ಸಂಕಲನ ಇದು. ಒಟ್ಟು 17 ಹಾಡು, ಆರಿಸಿದ್ದು ಅಭಿಮಾನಿಗಳ ವೋಟು. ತೊಡಕು ಇರೋದು ಹಾಡುಗಳ ಕ್ರಮದಲ್ಲಿ. 1990ರ 'ಹೋಲಿ ವಾರ್ಸ್' ಮೊದಲು ಬರುತ್ತದೆ. ಎಲ್ಲಕ್ಕಿಂತ ಹಳೆಯದಾದ 1985ರ 'ಮೆಕ್ಯಾನಿಕ್ಸ್' 10ನೇದು. ಅದಕ್ಕೂ ಮುಂಚೆ, 8ನೇದಾಗಿ, 2000ದ 'ಕಿಲ್ ದ ಕಿಂಗ್' ಕೂತಿದೆ! ಹೀಗೆ ಸುಮ್ನೆ ಕೇಳುತ್ತಾ ಹೋದರೆ ಬ್ಯಾಂಡು ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನೋದು ಗೊತ್ತಾಗೋದಿಲ್ಲ.

ಅದಕ್ಕೆ ಈ ಕ್ರಮದಲ್ಲಿ ಪ್ಲೇಲಿಸ್ಟ್ ಮಾಡಿಕೊಳ್ಳಿ: 10, 12, 3, 2, 1, 13, 9, 4, 15, 5, 6, 11, 7, 16, 17, 8, 14.

ಮೊದಲ ಹಾಡಿನಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು. 'ಮೆಕ್ಯಾನಿಕ್ಸ್' ಅನ್ನೋದು ಮೆಗಾಡೆತ್ ಕಟ್ಟಿದ ಗಾಯಕ-ಗಿಟಾರಿಸ್ಟ್ ಡೇವ್ ಮಸ್ಟೇನ್ ಅದಕ್ಕೂ ಮುಂಚೆ ಮೆಟಾಲಿಕಾ ಬ್ಯಾಂಡಿನಲ್ಲಿದ್ದಾಗಲೇ ನುಡಿಸುತ್ತಿದ್ದ ಹಾಡು. 1983ರ ಏಪ್ರಿಲ್‌ನಲ್ಲಿ ಅವರನ್ನು ಆ ಬ್ಯಾಂಡಿನಿಂದ ಕಳಿಸಿದರು. ಅದೇ ವರ್ಷ ಮೆಟಾಲಿಕಾ ಇದರ ಸಾಹಿತ್ಯ ಬದಲಿಸಿ, ವೇಗ ಇಳಿಸಿ, ಮಧ್ಯೆ ಒಂದು ನಿಧಾನದ ಭಾಗ ಸೇರಿಸಿ 'ದ ಫೋರ್ ಹಾರ್ಸ್‌ಮೆನ್' ಅಂತ ಹೊರತಂದಿತು. ಅದು ಏಳು ನಿಮಿಷ ದಾಟುತ್ತದೆ, 'ಮೆಕ್ಯಾನಿಕ್ಸ್' ಐದು ನಿಮಿಷವೂ ಇಲ್ಲ. ಹಾಗಾದರೆ ಎರಡೂ ಒಂದೇ ಹಾಡು ಹೇಗೆ? ಸಾಹಿತ್ಯವನ್ನೂ ಸೋಲೋವನ್ನೂ (ಗಿಟಾರಿಸ್ಟ್ ಒಬ್ಬರೇ ಮುಂದೆ ಬಂದು ನುಡಿಸುವ ಭಾಗ) ಪಕ್ಕಕ್ಕಿಡಿ. ಮೊದಲು 'ಹಾರ್ಸ್‌ಮೆನ್' ಹಾಕಿ, ಮುಖ್ಯ ರಿಫ್ (ಮತ್ತೆ ಮತ್ತೆ ಬರುವ ಗಿಟಾರಿನ ಪುಟ್ಟ ಸಾಲು) ಬಾಯಲ್ಲಿ ಗುನುಗಲು ಬರುವ ತನಕ ಕೇಳಿ. ನಿಧಾನವಾಗಿರೋದರಿಂದ ಸ್ವರಗಳು ಬಿಡಿಬಿಡಿಯಾಗಿ ಸಿಗುತ್ತವೆ. ಆಮೇಲೆ ಅದನ್ನೇ ಬೇಗ ಬೇಗ ಗುನುಗುತ್ತಾ 'ಮೆಕ್ಯಾನಿಕ್ಸ್' ಹಾಕಿ. ಪದ್ಯದ ಕೆಳಗೆ ಓಡುವ ಗಿಟಾರು ನಿಮ್ಮ ಗುನುಗಿಗೆ ಕೂಡಿಕೊಳ್ಳುತ್ತದೆ. ಉಲ್ಟಾ ಮಾಡಿದರೆ ಕಷ್ಟ, ಆ ವೇಗದಲ್ಲಿ ಕಿವಿ ಡ್ರಮ್ಸ್ ಹಿಂದೆ ಓಡಿಬಿಡುತ್ತದೆ.

ಇನ್ನು ಲೀಡ್ ಗಿಟಾರ್, ಅಂದರೆ ಸೋಲೋ ನುಡಿಸುವ ಗಿಟಾರ್. ಹದಿನೇಳರಲ್ಲೂ ಇರೋದು ಮಸ್ಟೇನ್ ಮತ್ತು ಬೇಸ್ ನುಡಿಸುವ ಡೇವಿಡ್ ಎಲೆಫ್‌ಸನ್ ಮಾತ್ರ. ಅವರ ಜೊತೆಗೆ ನಮ್ಮ ಪ್ಲೇಲಿಸ್ಟಿನ ಮೊದಲ ಮೂರರಲ್ಲಿ ಕ್ರಿಸ್ ಪೋಲಂಡ್, 1988ರ 'ಇನ್ ಮೈ ಡಾರ್ಕೆಸ್ಟ್ ಅವರ್'ನಲ್ಲಿ ಜೆಫ್ ಯಂಗ್, 1990ರಿಂದ 1999ರ ತನಕ ಮಾರ್ಟಿ ಫ್ರೀಡ್‌ಮನ್, ಕೊನೆಯ ಎರಡರಲ್ಲಿ ಆಲ್ ಪಿಟ್ರೆಲಿ. ಫ್ರೀಡ್‌ಮನ್ ಕೈಗುಣ ಹಿಡಿಯೋಕೆ 'ಹೋಲಿ ವಾರ್ಸ್' ಸಾಕು. ಎರಡು ನಿಮಿಷ ದಾಟಿದ ಮೇಲೆ ಗದ್ದಲ ಗಕ್ಕನೆ ನಿಂತು ಅಕೂಸ್ಟಿಕ್ ಗಿಟಾರಿನ ಪುಟ್ಟ ಸೋಲೋ ಬರುತ್ತದಲ್ವಾ, ಅದು ಅವರದು. 'ಹ್ಯಾಂಗರ್ 18'ರಲ್ಲಿ ಹಾಡುವುದು ಅರ್ಧಕ್ಕೇ ಮುಗಿಯುತ್ತದೆ. ಉಳಿದರ್ಧ ಮಸ್ಟೇನ್, ಫ್ರೀಡ್‌ಮನ್ ಸರದಿಯ ಮೇಲೆ ಸೋಲೋ ಹೊಡೆಯುತ್ತಾರೆ.

1992ರ ಹಾಡುಗಳಿಂದ ವೇಗ ಇಳಿದು ಪಲ್ಲವಿ ದೊಡ್ಡದಾಗುತ್ತದೆ. 'ಸಿಂಫನಿ ಆಫ್ ಡಿಸ್ಟ್ರಕ್ಷನ್' ಒಂದೇ ಸಲಕ್ಕೆ ಬಾಯಿಗೆ ಬರುತ್ತದೆ. 'ಆಂಗ್ರಿ ಅಗೈನ್' 1993ರ ಒಂದು ಸಿನಿಮಾಗೆ ಮಾಡಿದ್ದು. 1999ರ 'ಪ್ರಿನ್ಸ್ ಆಫ್ ಡಾರ್ಕ್‌ನೆಸ್' ಇಲ್ಲಿ ಯಾಕಿದೆಯೋ, ವೋಟು ಹಾಕಿದವರನ್ನೇ ಕೇಳಬೇಕು.

ಒಂದು ಎಚ್ಚರಿಕೆ: ಇದರಲ್ಲಿರುವ ಹಳೆಯ ಹಾಡುಗಳಲ್ಲಿ ಹೆಚ್ಚಿನವು 2000ದ ನಂತರ ರೀಮಿಕ್ಸ್ ಆದವು, ಅಂದರೆ ಹಳೆಯ ರೆಕಾರ್ಡಿಂಗನ್ನೇ ಹೊಸದಾಗಿ ಹೊಂದಿಸಿದವು. ಆದ್ದರಿಂದ ಇಲ್ಲಿನ ಡ್ರಮ್ಸ್ ಕೇಳಿ '86ರಲ್ಲಿ ಹೀಗೇ ರೆಕಾರ್ಡ್ ಮಾಡುತ್ತಿದ್ದರು' ಅಂತ ಬರೆದುಕೊಳ್ಳಬೇಡಿ. ರಿಫ್, ರಚನೆ, ವೇಗಕ್ಕೆ ಈ ಡಿಸ್ಕ್ ನಂಬಬಹುದು. ಸೌಂಡ್ ಬಗ್ಗೆ ಬರೆಯುವುದಿದ್ದರೆ ಮೂಲ ಆಲ್ಬಮ್ಮಿನ ಹಳೆಯ ಪ್ರತಿಯನ್ನೇ ಹುಡುಕಿ.