ಗಾಡಿ ಓಡಿಲ್ಲ ಅಂದರೆ ಆಯಿಲ್ ಕೆಟ್ಟಿಲ್ಲ ಅಂತಲ್ಲ

ಕಳೆದ ತಿಂಗಳು ಒಬ್ಬ ನಿವೃತ್ತ ಮೇಷ್ಟ್ರು ಕಾರು ತಂದರು. ಮೂರು ವರ್ಷದ ಪೆಟ್ರೋಲ್ ಗಾಡಿ, ಓಡಿರುವುದು 8,600 ಕಿಲೋಮೀಟರ್. ಮನೆಯಿಂದ ಎರಡು ಕಿಲೋಮೀಟರ್ ದೂರದ ಅಂಗಡಿಗೆ ಹೋಗುವುದು, ವಾಪಸ್ ಬರುವುದು, ಅಷ್ಟೇ ಅದರ ಕೆಲಸ. ಆಯಿಲ್ ಒಂದು ಸಲವೂ ಬದಲಿಸಿಲ್ಲ. "ಪುಸ್ತಕದಲ್ಲಿ ಹತ್ತು ಸಾವಿರಕ್ಕೆ ಅಂತಿದೆ, ಇನ್ನೂ ಆಗಿಲ್ಲವಲ್ಲ" ಅಂದರು. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಮೇಲಿನ ಗೆರೆಯನ್ನೂ ದಾಟಿತ್ತು. ಅವರಿಗೆ ಖುಷಿಯಾಯಿತು. "ನೋಡಿದ್ರಾ, ನಮ್ಮ ಗಾಡಿ ಒಂದು ಹನಿ ಆಯಿಲ್ ಕುಡಿಯಲ್ಲ!" ನಾನು ಕಡ್ಡಿಯನ್ನು ಅವರ ಮೂಗಿನ ಹತ್ತಿರ ಹಿಡಿದೆ. ಪೆಟ್ರೋಲ್ ವಾಸನೆ ಗಪ್ಪೆಂದು ಹೊಡೆಯಿತು.

ಮೇಷ್ಟ್ರು ಒಬ್ಬರೇ ಅಲ್ಲ. ವಾರಕ್ಕೆ ಇಬ್ಬರಾದರೂ ನನಗೆ ಇದೇ ಮಾತು ಹೇಳುತ್ತಾರೆ, ಅದೂ ಗಾಡಿಯನ್ನು ತುಂಬಾ ಪ್ರೀತಿಯಿಂದ ಇಟ್ಟುಕೊಂಡವರೇ ಹೇಳುತ್ತಾರೆ. ಹಾಗಾಗಿ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ನಂಬುವುದು ಕಷ್ಟ, ಆದರೆ ನಿಜ. ಅದರಲ್ಲಿ ಬಹುಪಾಲು ಆವಿಯಾಗಿ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಮಾತ್ರ ಪಿಸ್ಟನ್ ರಿಂಗ್ ಸಂದಿಯಿಂದ ಕೆಳಗಿಳಿದು ಆಯಿಲ್ ಇರುವ ಜಾಗಕ್ಕೆ ಸೇರುತ್ತದೆ. ಇಂಜಿನ್ ಚೆನ್ನಾಗಿ ಬಿಸಿಯಾದರೆ ಆ ನೀರೂ ಆವಿಯಾಗಿ ಹೊರಟುಹೋಗುತ್ತದೆ. ಆಗದಿದ್ದರೆ ಅಲ್ಲೇ ಉಳಿಯುತ್ತದೆ. ತಣ್ಣಗಿರುವ ಇಂಜಿನ್‌ಗೆ ಪೆಟ್ರೋಲ್ ಬೇರೆ ಜಾಸ್ತಿ ಬೇಕು. ಆ ಜಾಸ್ತಿ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ, ಒಂದಷ್ಟು ಸಿಲಿಂಡರ್ ಗೋಡೆಗುಂಟ ಇಳಿದು ಆಯಿಲ್‌ಗೆ ಬೆರೆಯುತ್ತದೆ. ಮೇಷ್ಟ್ರ ಗಾಡಿಯಲ್ಲಿ ಮಟ್ಟ ಏರಿದ್ದು ಇದರಿಂದಲೇ. ಆಯಿಲ್ ಏನೂ ಹೆಚ್ಚಾಗಿರಲಿಲ್ಲ, ತೆಳ್ಳಗಾಗಿತ್ತು. ತೆಳ್ಳಗಾದ ಆಯಿಲ್, ಇಂಜಿನ್‌ನ ತಿರುಗುವ ಭಾಗಗಳನ್ನು ಹೊರುವ ಬೇರಿಂಗ್ ಮೇಲೆ ನಿಲ್ಲಬೇಕಾದ ಪದರವನ್ನು ಸರಿಯಾಗಿ ಹಿಡಿಯುವುದಿಲ್ಲ.

"ಆದರೆ ಟೆಂಪರೇಚರ್ ಮುಳ್ಳು ನಡುವಿಗೆ ಬರುತ್ತಲ್ಲ ಸಾರ್?" ಅಂತ ಕೇಳುತ್ತಾರೆ. ಆ ಮುಳ್ಳು ತೋರಿಸುವುದು ಕೂಲೆಂಟ್, ಅಂದರೆ ಇಂಜಿನ್ ತಣಿಸುವ ದ್ರವದ ಬಿಸಿಯನ್ನು, ಆಯಿಲ್ ಬಿಸಿಯನ್ನಲ್ಲ. ಆಯಿಲ್ ಬಿಸಿಯಾಗುವುದು ಅದಕ್ಕಿಂತ ನಿಧಾನ. ಮುಳ್ಳು ನಡುವಿಗೆ ಬಂದ ಮೇಲೂ ಒಂದಷ್ಟು ಹೊತ್ತು ಓಡಿಸಬೇಕು. ಐದು ನಿಮಿಷದ ಓಡಾಟದಲ್ಲಿ ಅದು ಸಾಧ್ಯವೇ ಇಲ್ಲ. ಮನೆ ಮುಂದೆ ಸುಮ್ನೆ ಸ್ಟಾರ್ಟ್ ಮಾಡಿ ನಿಲ್ಲಿಸಿಕೊಂಡರೆ ಇನ್ನೂ ಕೆಟ್ಟದ್ದು, ದಯವಿಟ್ಟು ಹಾಗೆ ಮಾಡಬೇಡಿ.

ಪುಸ್ತಕದ ಅದೇ ಸಾಲನ್ನು ಕೊನೆತನಕ ಓದಿ. ತುಂಬಾ ಗಾಡಿಗಳಿಗೆ "10,000 ಕಿಲೋಮೀಟರ್ ಅಥವಾ 12 ತಿಂಗಳು, ಯಾವುದು ಮೊದಲೋ ಅದು" ಅಂತ ಇರುತ್ತದೆ. ನಿಮ್ಮ ಗಾಡಿಗೆ ಅಂಕಿ ಬೇರೆ ಇರಬಹುದು, ಆದರೆ ತಿಂಗಳ ಲೆಕ್ಕ ಇದ್ದೇ ಇರುತ್ತದೆ. ಜನ ಕಿಲೋಮೀಟರ್ ಓದಿ ಪುಸ್ತಕ ಮುಚ್ಚಿಬಿಡುತ್ತಾರೆ. ಅದೇ ಪುಟದ ಆಸುಪಾಸಿನಲ್ಲಿ ಕಠಿಣ ಬಳಕೆ ಅಂತ ಇನ್ನೊಂದು ಪಟ್ಟಿ ಹುಡುಕಿ. ಧೂಳು, ಭಾರ ಎಳೆಯುವುದು, ಗಂಟೆಗಟ್ಟಲೆ ಟ್ರಾಫಿಕ್, ಇವುಗಳ ಜೊತೆಗೇ ಸಣ್ಣ ದೂರದ ಓಡಾಟವೂ ಇರುತ್ತದೆ. ಕಡಿಮೆ ಓಡಿಸುತ್ತೇನೆ, ಹಾಗಾಗಿ ನನ್ನದು ಹಗುರ ಬಳಕೆ ಅಂದುಕೊಂಡಿದ್ದವರು ಆ ಪಟ್ಟಿ ನೋಡಿ ನಂಬುವುದೇ ಇಲ್ಲ. ಅಂಥ ಗಾಡಿಗೆ ನಾನು ಸಾಮಾನ್ಯವಾಗಿ ಆರು ತಿಂಗಳು ಹೇಳುತ್ತೇನೆ, ಆದರೆ ನಿಮ್ಮ ಪುಸ್ತಕ ಏನು ಹೇಳುತ್ತದೋ ಅದೇ ಮುಖ್ಯ.

ಇದಕ್ಕೆ ಪೂರ್ತಿ ಉಲ್ಟಾ ನನ್ನ ಹತ್ತಿರ ಬರುವ ಒಬ್ಬ ಟ್ಯಾಕ್ಸಿ ಚಾಲಕರ ಗಾಡಿ. ದಿನಕ್ಕೆ ಮುನ್ನೂರು ಕಿಲೋಮೀಟರ್, ಬಹುಪಾಲು ಹೆದ್ದಾರಿ. ಮೂರು ಲಕ್ಷ ದಾಟಿದೆ. ಮೊನ್ನೆ ಇಂಜಿನ್ ಮೇಲಿನ ವಾಲ್ವ್ ಕವರ್ ಬಿಚ್ಚಿದಾಗ ಒಳಗೆ ಎಷ್ಟು ಚೊಕ್ಕವಾಗಿತ್ತು ಅಂದರೆ ಹುಡುಗರನ್ನೆಲ್ಲ ಕರೆದು ತೋರಿಸಿದೆ.

ಯಾವ ಆಯಿಲ್ ಹಾಕಬೇಕು ಅನ್ನುವುದಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಆಯಿಲ್ ಎಷ್ಟು ತೆಳು, ಎಷ್ಟು ಗಟ್ಟಿ ಅಂತ ಹೇಳುವ ಗುರುತು ಪುಸ್ತಕದಲ್ಲಿ 0ಡಬ್ಲ್ಯೂ-20 ಅಂತಿದ್ದರೆ ಅದನ್ನೇ ಹಾಕಿ. ಗಟ್ಟಿ ಆಯಿಲ್ ಒಳ್ಳೆಯದು ಅನ್ನುವ ನಂಬಿಕೆಯಿಂದ 20ಡಬ್ಲ್ಯೂ-50 ಸುರಿದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಅದು ಇಂಜಿನ್ ಮೇಲ್ಭಾಗಕ್ಕೆ ತಲುಪುವುದೇ ತಡವಾಗುತ್ತದೆ. ಬ್ರ್ಯಾಂಡ್‌ಗಿಂತ ಡಬ್ಬಿ ಹಿಂದಿನ ಅಕ್ಷರ ನೋಡಿ. ಸಣ್ಣ ಟರ್ಬೊ ಪೆಟ್ರೋಲ್ ಗಾಡಿಗೆ 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆ (ಎಪಿಐ ಅಂದರೆ ಆಯಿಲ್ ಗುಣಮಟ್ಟ ಗೊತ್ತುಮಾಡುವ ಅಮೆರಿಕದ ಸಂಸ್ಥೆ) ಒಳ್ಳೆಯದು, ಇಂಧನ ಹೊತ್ತಿಗೆ ಮುಂಚೆಯೇ ಉರಿದುಬಿಡುವ ತೊಂದರೆಯನ್ನು ತಡೆಯುವ ಪರೀಕ್ಷೆ ಅದರಲ್ಲಿದೆ. ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುವ ಡೀಸೆಲ್ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು, ಇಲ್ಲದಿದ್ದರೆ ಆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಬಣ್ಣ ನೋಡಿ ಮಾತ್ರ ತೀರ್ಮಾನ ಮಾಡಬೇಡಿ. ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಬೇಗನೆ ಕಪ್ಪಾಗುತ್ತದೆ, ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಮೇಷ್ಟ್ರ ಆಯಿಲ್ ನೋಡಲು ಜೇನು ಬಣ್ಣದ್ದೇ ಆಗಿತ್ತು.

ಆಯಿಲ್ ಸುರಿಯುವ ಮುಚ್ಚಳದ ಒಳಗೆ ಕೆನೆ ಬಣ್ಣದ ಅಂಟು ಕಂಡರೆ ಗಾಬರಿ ಬೇಡ. ಬಹಳ ಸಲ ಅದು ಇದೇ ನೀರಿನ ಕಥೆ. ಆದರೆ ಕೂಲೆಂಟ್ ಕೂಡ ಕಡಿಮೆಯಾಗುತ್ತಿದ್ದರೆ ಕೂಲೆಂಟ್ ಆಯಿಲ್‌ಗೆ ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಆಗ ಗಾಡಿ ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿ.

ಮೇಷ್ಟ್ರ ಗಾಡಿಗೆ ಆಯಿಲ್, ಫಿಲ್ಟರ್ ಎರಡೂ ಹೊಸದು ಹಾಕಿದೆ. ಬೇರಿಂಗ್ ಎಷ್ಟು ಸವೆದಿದೆಯೋ ಬಿಚ್ಚದೆ ಹೇಳಲಾಗದು, ಸದ್ದು ಮಾತ್ರ ಈಗ ಸರಿಯಿದೆ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಊರ ಹೊರಗೆ ಓಡಿಸಿ ಅಂದೆ. ನಿನ್ನೆ ಫೋನ್ ಮಾಡಿದ್ದರು. ಈಗ ಪ್ರತಿ ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ಹೋಗುತ್ತಾರಂತೆ, ವಾಪಸ್ ಬಂದು ಇಂಜಿನ್ ಆರಿದ ಮೇಲೆ ಕಡ್ಡಿ ಎಳೆದು ಮೂಸಿ ನೋಡುತ್ತಾರಂತೆ.