ಪದ ಪರಿಚಯ: ಅಂಬರಿನ ಸೂಕ್ಷ್ಮಜೀವಿಗಳು

ತೊಗಟೆಗೆ ಗಾಯವಾದರೆ ಕೆಲವು ಮರಗಳು ರಾಳ ಸುರಿಸುತ್ತವೆ. ಜಾಲಿಯ ಗೋಂದು ನೀರಿಗೆ ಕರಗುತ್ತದೆ, ಇದು ಕರಗದು. ಮಣ್ಣಿನಡಿ ಹೂತುಹೋಗಿ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ಲಕ್ಷಾಂತರ ವರ್ಷಗಳಲ್ಲಿ ಗಟ್ಟಿಯಾದ ರಾಳವೇ ಅಂಬರ್. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲೂ ಇದು ಸಿಗುತ್ತದೆ. ಸುಮಾರು 5 ಕೋಟಿ ವರ್ಷ ಹಳೆಯ ಆ ಅಂಬರನ್ನು ಸುರಿಸಿದ್ದು ನಮ್ಮ ಘಟ್ಟದ ಸಾಲುಧೂಪದ ಕುಟುಂಬಕ್ಕೇ ಸೇರಿದ ಮರಗಳು.

ಅಂಬರಿನಲ್ಲಿ ಸಿಕ್ಕಿಬಿದ್ದ ನೊಣ, ಇರುವೆಗಳ ಚಿತ್ರ ಎಲ್ಲರೂ ನೋಡಿರುತ್ತೇವೆ. ಅವುಗಳ ಹೊಟ್ಟೆಯೊಳಗೋ, ರಾಳಕ್ಕೆ ನೇರವಾಗಿ ಅಂಟಿಕೊಂಡೋ ಉಳಿದ ಬ್ಯಾಕ್ಟೀರಿಯಾ, ಶಿಲೀಂಧ್ರ, ಏಕಕೋಶಜೀವಿಗಳೇ ಅಂಬರಿನ ಸೂಕ್ಷ್ಮಜೀವಿಗಳು. ಇಲ್ಲಿ ‘ಉಳಿದ’ ಎಂದರೆ ಏನು? ಆಕಾರವೇ, ಡಿಎನ್‌ಎಯೇ, ಜೀವವೇ? ಜಗಳವೆಲ್ಲ ಇರುವುದು ಇಲ್ಲೇ.

ಜೀವವೇ ಉಳಿದಿದೆ ಎಂದವರು ಕ್ಯಾಲಿಫೋರ್ನಿಯಾದ ರೌಲ್ ಕಾನೊ ಮತ್ತು ಮೋನಿಕಾ ಬೊರುಕಿ. ಡೊಮಿನಿಕನ್ ಗಣರಾಜ್ಯದ, 2.5ರಿಂದ 4 ಕೋಟಿ ವರ್ಷ ಹಳೆಯ ಅಂಬರಿನಲ್ಲಿ ಮುಜಂಟಿಯಂಥ ಕೊಂಡಿಯಿಲ್ಲದ ಜೇನೊಂದಿತ್ತು. ಅಂಬರಿನ ಹೊರಮೈಯನ್ನು ಕ್ರಿಮಿಶುದ್ಧಗೊಳಿಸಿ, ಜೇನಿನ ಹೊಟ್ಟೆಯ ಭಾಗವನ್ನು ತೆಗೆದು, ಅದರಲ್ಲಿದ್ದ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳನ್ನು (ಕಷ್ಟಕಾಲ ಕಳೆಯಲು ಅದು ತಾಳುವ ಗಟ್ಟಿಯಾದ, ನಿದ್ದೆಯ ರೂಪ) ಮತ್ತೆ ಬೆಳೆಸಿದೆವು ಎಂದು ಅವರು 1995ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಂಬರಿನಿಂದಲೇ ಬಂದದ್ದೆಂದು ಕಾನೊ ಹೇಳಿದ ಯೀಸ್ಟಿನಿಂದ ಮುಂದೆ ಬಿಯರ್ ಕೂಡ ತಯಾರಾಗಿ ಮಾರಾಟವಾಯಿತು!

ನನಗಂತೂ ಇದು ನಂಬಲು ಕಷ್ಟ. ಬೀಜಾಣು ಪೂರ್ತಿ ನಿದ್ದೆಯಲ್ಲಿದ್ದರೆ ಅದರ ಡಿಎನ್‌ಎ ತುಂಡಾಗುತ್ತಲೇ ಹೋಗುತ್ತದೆ, ರಿಪೇರಿ ಮಾಡುವವರಿಲ್ಲ. ನ್ಯೂಜಿಲೆಂಡಿನ ಮೋವಾ ಹಕ್ಕಿಯ ಮೂಳೆಗಳನ್ನು ಪರೀಕ್ಷಿಸಿದ 2012ರ ಅಧ್ಯಯನದ ಪ್ರಕಾರ ಅಲ್ಲಿ ಡಿಎನ್‌ಎಯ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಹಾಳಾಗಲು ಹಿಡಿಯುವ ಕಾಲ, 521 ವರ್ಷ. ಅಂಬರ್ ಮೂಳೆಯಲ್ಲ, ಒಪ್ಪಿದೆ. ಆದರೂ ಕೋಟಿಗಳ ಲೆಕ್ಕ ಬಲು ದೂರದ್ದು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ತಂಡ 1997ರಲ್ಲಿ ಅಂಬರಿನ ಕೀಟಗಳಲ್ಲಿ ಹುಡುಕಿದಾಗ ನಂಬಬಹುದಾದ ಹಳೆಯ ಡಿಎನ್‌ಎ ಸಿಗಲಿಲ್ಲ. ಬ್ಯಾಸಿಲಸ್ಸಿನ ಬೀಜಾಣುಗಳೋ ಮಣ್ಣು, ದೂಳು ಎಲ್ಲೆಲ್ಲೂ ಇರುವಂಥವು. ಹಳೆಯದೆಂದು ಬೆಳೆಸಿದ್ದು ಲ್ಯಾಬಿನೊಳಗೆ ನುಸುಳಿದ ಇಂದಿನದೇ ಆಗಿರಬಹುದು.

ಬರೀ ಆಕಾರವನ್ನು ನಂಬಿದರೂ ಅಪಾಯ ತಪ್ಪಿದ್ದಲ್ಲ. ಇಟಲಿಯ ಡೋಲೊಮೈಟ್ ಬೆಟ್ಟಗಳ 22 ಕೋಟಿ ವರ್ಷ ಹಳೆಯ ಅಂಬರಿನಲ್ಲಿ ಅಮೀಬಾ, ಸಿಲಿಯೇಟುಗಳಂಥ ಏಕಕೋಶಜೀವಿಗಳಿವೆ ಎಂಬ ವರದಿ 2006ರಲ್ಲಿ ‘ನೇಚರ್’ನಲ್ಲಿ ಬಂತು. ಹತ್ತು ವರ್ಷದ ಬಳಿಕ ಇನ್ನೊಂದು ತಂಡ ಇಂದಿನ ಮರಗಳ ರಾಳದಲ್ಲೇ ಅಂಥ ರೂಪಗಳನ್ನು ಕಂಡಿತು. ಪರೀಕ್ಷಿಸಿದರೆ ಅವು ಜೀವಿಗಳಾಗಿರಲಿಲ್ಲ, ಬರೀ ರಾಳ! ಅಂಬರಿನ ಏಕಕೋಶಜೀವಿಗಳ ಹಳೆಯ ವರದಿಗಳನ್ನೆಲ್ಲ ಮತ್ತೆ ಪರಿಶೀಲಿಸಬೇಕೆಂದು ಆ ತಂಡ ಕೇಳಿತು.

ಹಾಗಾಗಿ ಜೀವಿ ಎಲ್ಲಿ ಸಿಕ್ಕಿತು ಎಂಬುದಕ್ಕೆ ತೂಕ ಹೆಚ್ಚು. ಮ್ಯಾನ್ಮಾರಿನ ಸುಮಾರು 10 ಕೋಟಿ ವರ್ಷ ಹಳೆಯ ಅಂಬರಿನಲ್ಲಿದ್ದ ಗೆದ್ದಲೊಂದನ್ನು ಅಮೆರಿಕದ ಕೀಟತಜ್ಞ ಜಾರ್ಜ್ ಪೊಯಿನಾರ್ 2009ರಲ್ಲಿ ವರ್ಣಿಸಿದರು. ಅದರ ಹೊಟ್ಟೆ ಒಡೆದು, ಕರುಳಿನ ಏಕಕೋಶಜೀವಿಗಳು ರಾಳಕ್ಕೆ ಚೆಲ್ಲಿದ್ದವು. ಇಂದಿಗೂ ಎಷ್ಟೋ ಜಾತಿಯ ಗೆದ್ದಲುಗಳಿಗೆ ಮರ ಅರಗಿಸಿಕೊಡುವುದು ಇಂಥ ಜೀವಿಗಳೇ. ಆ ಸಹಬಾಳ್ವೆ ಡೈನೊಸಾರ್‌ಗಳ ಕಾಲದಲ್ಲೇ ಇತ್ತೆನ್ನಲು ಡಿಎನ್‌ಎ ಬೇಕಾಗಲಿಲ್ಲ.